ಎದುರಿಗೆ ಕೂತವನು

ಎಮಾನುಯೆಲ್ ಲಾಸ್ಕರ್ 1894ರಿಂದ 1921ರವರೆಗೆ, 27 ವರ್ಷ ಚೆಸ್‌ನ ವಿಶ್ವ ಚಾಂಪಿಯನ್ ಆಗಿದ್ದವರು. ಅಷ್ಟು ದೀರ್ಘ ಕಾಲ ಆ ಪಟ್ಟವನ್ನು ಬಿಡದೆ ಉಳಿಸಿಕೊಂಡವರು ಇನ್ನೊಬ್ಬರಿಲ್ಲ. ಗಣಿತಜ್ಞರೂ ಆಗಿದ್ದ ಅವರು ತಮ್ಮ ಚೆಸ್ ಕೈಪಿಡಿಯಲ್ಲಿ ಒಂದು ಲೆಕ್ಕ ಕೊಡುತ್ತಾರೆ. ಏನೂ ಗೊತ್ತಿಲ್ಲದ ಒಬ್ಬನನ್ನು ಕೂರಿಸಿಕೊಂಡು ಸರಿಯಾಗಿ ಕಲಿಸಿದರೆ 200 ಗಂಟೆಯಲ್ಲಿ ಅವನು ಗಟ್ಟಿ ಆಟಗಾರನಾಗುತ್ತಾನೆ ಎಂಬುದು ಅವರ ಅಂದಾಜು. ಅದರಲ್ಲಿ 120 ಗಂಟೆ ಆಡುವುದಕ್ಕೆ ಮತ್ತು ಆಡಿದ್ದನ್ನು ಬಿಡಿಸಿ ನೋಡುವುದಕ್ಕೆ. 40 ಗಂಟೆ ಪೊಸಿಷನ್ ಅಳೆಯುವ ವಿದ್ಯೆಗೆ, 20 ಗಂಟೆ ಕಾಂಬಿನೇಷನ್‌ಗಳಿಗೆ. ಓಪನಿಂಗ್‌ಗೆ, ಅಂದರೆ ಆಟದ ಆರಂಭದ ನಡೆಗಳಿಗೆ, ಅವರು ಕೊಟ್ಟದ್ದು ಬರೀ 10 ಗಂಟೆ.

ಈಗ ಆ ಲೆಕ್ಕ ತಲೆಕೆಳಗಾಗಿದೆ. ಬೆಂಗಳೂರಿನ ಯಾವುದಾದರೂ ಕಲ್ಯಾಣಮಂಟಪದಲ್ಲಿ ಭಾನುವಾರ ರ‍್ಯಾಪಿಡ್ ಟೂರ್ನಮೆಂಟ್ ನಡೆಯುತ್ತಿದ್ದರೆ, ಎರಡು ಸುತ್ತುಗಳ ನಡುವೆ ಹೊರಗಿನ ಮೆಟ್ಟಿಲ ಹತ್ತಿರ ನಿಂತು ಸುಮ್ಮನೆ ಕಿವಿಗೊಡಿ. ‘ನಾನು ಲಂಡನ್ ಆಡ್ದೆ, ಅವ್ನು ಏನೇನೋ ಆಡ್ದ.’ ‘ಐದನೇ ಮೂವ್‌ಗೇ ಥಿಯರಿ ಬಿಟ್ಟ, ಹೆಂಗ್ ಆಡೋದು?’ ‘ಈ ಲೈನ್ ಕೋಚ್ ಹೇಳ್ಕೊಟ್ಟೇ ಇರ್ಲಿಲ್ಲ.’ ಸೋತವರಲ್ಲಿ ಹೆಚ್ಚಿನವರು ಕುದುರೆಯನ್ನೋ ಒಂಟೆಯನ್ನೋ ಪುಕ್ಕಟೆ ಕೊಟ್ಟು ಸೋತಿರುತ್ತಾರೆ. ಆದರೆ ಮೆಟ್ಟಿಲ ಮೇಲಿನ ಮಾತಿನಲ್ಲಿ ಆ ಕುದುರೆಯ ಸುದ್ದಿಯೇ ಬರುವುದಿಲ್ಲ. ಮಕ್ಕಳಷ್ಟೇ ಅಲ್ಲ, ಅವರನ್ನು ಕರೆದುಕೊಂಡು ಬಂದು ತಾವೂ ಹೆಸರು ಕೊಟ್ಟ ಅಪ್ಪಂದಿರ ಮಾತೂ ಇದೇ.

ಓಪನಿಂಗ್ ಮೇಲೆ ನಮಗೆ ಯಾಕಿಷ್ಟು ವ್ಯಾಮೋಹ? ಒಂದು ಕಾರಣ ಸುಲಭವಾಗಿ ಕಾಣುತ್ತದೆ. ಅದನ್ನು ಮನೆಯಲ್ಲಿ ಒಬ್ಬರೇ ಕೂತು, ಎದುರಿಗೆ ಯಾರೂ ಇಲ್ಲದಾಗ ಕಲಿಯಬಹುದು. ಎಂಡ್‌ಗೇಮನ್ನೂ ಹಾಗೆ ಕಲಿಯಬಹುದು, ನಿಜ. ಆದರೆ ಅದು ಬರುವುದು ನಲವತ್ತು ನಡೆ ದಾಟಿದ ಮೇಲೆ, ಅದೂ ಬಂದರೆ. ಓಪನಿಂಗ್ ಪ್ರತಿ ಆಟಕ್ಕೂ ಬಂದೇ ಬರುತ್ತದೆ. ಕಲಿತದ್ದನ್ನು ನಾಳೆಯೇ ಖರ್ಚು ಮಾಡಬಹುದು. ಆಫೀಸು, ಟ್ರಾಫಿಕ್ಕು, ಮನೆಯ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಉಳಿಸಿಕೊಂಡವನಿಗೆ ಅದು ಸಣ್ಣ ಆಕರ್ಷಣೆಯಲ್ಲ.

ಇನ್ನೊಂದು ಕಾರಣ ಸ್ವಲ್ಪ ಒಳಗಿದೆ. ಓಪನಿಂಗ್ ಆರಿಸುವವನು ತಾನು ತನ್ನ ನಡೆಗಳನ್ನು ಆರಿಸುತ್ತಿದ್ದೇನೆ ಅಂದುಕೊಂಡಿರುತ್ತಾನೆ. ಎದುರಿಗೆ ಎಂಥವನು ಬಂದು ಕೂರಲಿ ಎಂಬ ಆಸೆಯನ್ನೂ ಅವನು ಅದರ ಜೊತೆಗೇ ಆರಿಸಿಕೊಂಡಿರುತ್ತಾನೆ.

ಎಂಗ್ಲುಂಡ್ ಗ್ಯಾಂಬಿಟ್ ಎಂದು ಒಂದಿದೆ. ಇಂಟರ್ನೆಟ್‌ನಲ್ಲಿ ಆಡುವವರು ಇದನ್ನು ಒಮ್ಮೆಯಾದರೂ ಎದುರಿಸಿರುತ್ತಾರೆ. ಬಿಳಿಯವನು ಮಂತ್ರಿಯ ಮುಂದಿನ ಕಾಲಾಳನ್ನು ಡಿ4ಕ್ಕೆ ನೂಕುತ್ತಾನೆ. ಕಪ್ಪಿನವನು ಇ5ಕ್ಕೆ ಒಂದು ಕಾಲಾಳನ್ನು ತಂದು ಬಾಯಿಗೇ ಇಡುತ್ತಾನೆ. ಬಿಳಿ ತಿನ್ನುತ್ತದೆ. ಎರಡೂ ಕಡೆಯಿಂದ ಒಂದೊಂದು ಕುದುರೆ ಹೊರಬರುತ್ತದೆ. ಕಪ್ಪಿನ ಮಂತ್ರಿ ಇ7ಕ್ಕೆ ಬರುತ್ತದೆ, ಬಿಳಿಯ ಒಂಟೆ ಎಫ್4ಕ್ಕೆ ಬಂದು ಗೆದ್ದ ಕಾಲಾಳನ್ನು ಕಾಯುತ್ತದೆ. ಆಗ ಮಂತ್ರಿ ಬಿ4ಕ್ಕೆ ಹಾರಿ ಚೆಕ್ ಕೊಡುತ್ತದೆ, ಜೊತೆಗೆ ಎಫ್4ರ ಒಂಟೆಯ ಮೇಲೂ ಬಿ2ರ ಕಾಲಾಳಿನ ಮೇಲೂ ಅದರ ಕಣ್ಣು. ಒಂಟೆ ಡಿ2ಕ್ಕೆ ಹಿಂದೆ ಸರಿದು ಚೆಕ್ ತಡೆಯುತ್ತದೆ, ಮಂತ್ರಿ ಬಿ2ರ ಕಾಲಾಳನ್ನು ತಿಂದು ಆನೆಯನ್ನು ಹೆದರಿಸುತ್ತದೆ. ಇಲ್ಲಿ ಬಿಳಿಯವನ ಕೈ ತಾನಾಗಿ ಒಂಟೆಯ ಕಡೆ ಹೋಗುತ್ತದೆ. ಅದನ್ನು ಸಿ3ಕ್ಕೆ ಇಟ್ಟರೆ ಮಂತ್ರಿಗೂ ಹೊಡೆತ, ಆನೆಗೂ ರಕ್ಷಣೆ, ಎಷ್ಟು ಚೆನ್ನಾಗಿದೆ! ಕಪ್ಪಿನ ಒಂಟೆ ಬಿ4ಕ್ಕೆ ಬರುತ್ತದೆ. ಬಿಳಿಯವನು ಮಂತ್ರಿಯನ್ನು ಡಿ2ಕ್ಕೆ ಏರಿಸುತ್ತಾನೆ, ಒಂಟೆಗೆ ಒಂಟೆ ಹೋಗುತ್ತದೆ, ಅವನ ಮಂತ್ರಿ ಸಿ3ರಲ್ಲಿ ತಿರುಗಿ ತಿನ್ನುತ್ತದೆ. ಕಪ್ಪಿನ ಮಂತ್ರಿ ಸಿ1ಕ್ಕೆ ಜಾರಿ ಚೆಕ್‌ಮೇಟ್. ಎಂಟೇ ನಡೆ.

ಇದು ಫಲಿಸಬೇಕಾದರೆ ಬಿಳಿಯವನು ಆರನೆಯ ನಡೆಯಲ್ಲಿ ತಪ್ಪಲೇಬೇಕು. ಒಂಟೆಯ ಬದಲು ಕುದುರೆಯನ್ನು ಸಿ3ಕ್ಕೆ ತಂದರೆ ಬಲೆಯೆಲ್ಲ ಹರಿದುಹೋಯಿತು. ಕಪ್ಪಿನ ಮಂತ್ರಿ ಶತ್ರುವಿನ ಕೋಟೆಯೊಳಗೆ ಒಂಟಿಯಾಗಿ ಸಿಕ್ಕಿಕೊಂಡು ಮನೆಯಿಂದ ಮನೆಗೆ ಓಡಬೇಕು, ಅವನ ಹೆಚ್ಚಿನ ಕಾಯಿಗಳು ಇನ್ನೂ ಹಾಸಿಗೆಯಿಂದಲೇ ಎದ್ದಿರುವುದಿಲ್ಲ. ಅಂದಮೇಲೆ ಈ ಓಪನಿಂಗ್ ಆಡುವವನು ಬೋರ್ಡಿನ ಮುಂದೆ ಕೂತಾಗ ಮನಸ್ಸಿನಲ್ಲಿ ಏನನ್ನು ಬಯಸುತ್ತಿರುತ್ತಾನೆ? ಎದುರಿನವನಿಗೆ ಇದು ಗೊತ್ತಿಲ್ಲದಿರಲಿ. ಗಿರಾಕಿಗೆ ಲೆಕ್ಕ ಬಾರದಿರಲಿ ಎಂದು ದೇವರಿಗೆ ಕೈಮುಗಿದು ಅಂಗಡಿ ತೆರೆದವನ ಹಾಗೆ.

ಒಂಬತ್ತು ವರ್ಷದ ಹುಡುಗಿಯೊಬ್ಬಳು ಹೀಗೆ ಗೆದ್ದು ಕುಣಿದರೆ ನನಗೇನೂ ಅಭ್ಯಂತರವಿಲ್ಲ. ಕಾಯಿಗಳು ಒಂದಕ್ಕೊಂದು ಹೆಣೆದುಕೊಂಡು ಕೆಲಸ ಮಾಡುತ್ತವೆ ಎಂಬುದನ್ನು ಮಕ್ಕಳು ಬಲೆಗಳಿಂದಲೇ ಮೊದಲು ಕಲಿಯುತ್ತಾರೆ. ನಲವತ್ತೈದರ ಗಂಡಸು ಇದನ್ನೇ ತನ್ನ ಆಟ ಮಾಡಿಕೊಂಡಾಗ ನನಗೆ ಕಸಿವಿಸಿಯಾಗುತ್ತದೆ. ರೇಟಿಂಗ್ ಮೇಲೇರಿದಂತೆ ಬಲೆ ಗೊತ್ತಿರುವವರು ಎದುರಾಗುತ್ತಾರೆ, ಕಲಿತದ್ದು ವ್ಯರ್ಥವಾಗುತ್ತದೆ ಎಂದು ಕೋಚ್‌ಗಳು ಎಚ್ಚರಿಸುತ್ತಾರೆ. ಅದು ಸರಿಯಾದ ಮಾತೇ. ನನ್ನ ತಕರಾರು ಬೇರೆ. ಎದುರಿಗಿರುವವನು ದಡ್ಡನಾಗಿರಲಿ ಎಂದು ದಿನಕ್ಕೆ ಹತ್ತು ಸಲ ಹಾರೈಸುವ ಅಭ್ಯಾಸ ಬೋರ್ಡು ಮಡಚಿಟ್ಟ ಮೇಲೂ ಮನುಷ್ಯನ ಜೊತೆ ಮನೆಗೆ ಹೋಗುತ್ತದೆ.

ಹಾಗೆಂದು ಗ್ಯಾಂಬಿಟ್‌ಗಳೆಲ್ಲ, ಅಂದರೆ ಶುರುವಿನಲ್ಲೇ ಕಾಯಿ ಕೊಟ್ಟು ಆಡುವ ಓಪನಿಂಗ್‌ಗಳೆಲ್ಲ, ಬಲೆಗಳಲ್ಲ. ಎದುರಾಳಿ ಒಳ್ಳೆಯ ನಡೆಯನ್ನೇ ಆಡಿದರೂ ಆಟ ಉಳಿಯುತ್ತದೆಯೇ ಎಂದು ಕೇಳಿಕೊಂಡರೆ ವ್ಯತ್ಯಾಸ ಹೊಳೆಯುತ್ತದೆ. ಕಿಂಗ್ಸ್ ಗ್ಯಾಂಬಿಟ್‌ನಲ್ಲಿ ಬಿಳಿಯವನು ಎರಡನೆಯ ನಡೆಯಲ್ಲೇ ರಾಜನ ಪಕ್ಕದ ಕಾಲಾಳನ್ನು ಕೊಟ್ಟು, ತನ್ನ ರಾಜನ ಬಾಗಿಲನ್ನೂ ಅರ್ಧ ತೆರೆದು, ಅದಕ್ಕೆ ಬದಲಾಗಿ ನಡುಮನೆಗಳನ್ನೂ ವೇಗವನ್ನೂ ಪಡೆಯುತ್ತಾನೆ. ಕೊಟ್ಟದ್ದು ಬೋರ್ಡಿನ ಮೇಲೆ ಎಲ್ಲರಿಗೂ ಕಾಣುತ್ತದೆ, ಪಡೆದದ್ದೂ ಕಾಣುತ್ತದೆ. 1960ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾದಲ್ಲಿ ಬೋರಿಸ್ ಸ್ಪಾಸ್ಕಿ ಇದನ್ನೇ ಆಡಿ 17ರ ಹುಡುಗ ಬಾಬಿ ಫಿಶರ್‌ನನ್ನು ಸೋಲಿಸಿದರು. ಫಿಶರ್‌ಗೆ ಅದು ಬಹಳ ದಿನ ಕುಟುಕಿರಬೇಕು. ಮರುವರ್ಷ ಒಂದು ಚೆಸ್ ಪತ್ರಿಕೆಯಲ್ಲಿ ಲೇಖನ ಬರೆದು, ಕಿಂಗ್ಸ್ ಗ್ಯಾಂಬಿಟ್ ಸೋಲುವ ಓಪನಿಂಗ್, ಇನ್ನು ಅದರ ಕಥೆ ಮುಗಿಯಿತು ಎಂದು ಘೋಷಿಸಿದರು. ಆ ಮೇಲೆ? 1963ರ ಕೊನೆಗೆ ಶುರುವಾದ ಅಮೆರಿಕದ ಚಾಂಪಿಯನ್‌ಷಿಪ್‌ನಲ್ಲಿ ಲ್ಯಾರಿ ಇವಾನ್ಸ್ ವಿರುದ್ಧ ಅದೇ ಕಿಂಗ್ಸ್ ಗ್ಯಾಂಬಿಟ್ಟನ್ನು ಬಿಳಿಯಲ್ಲಿ ತಾವೇ ಆಡಿ ಗೆದ್ದರು.

ಗಾಯ ಹಸಿಯಾಗಿದ್ದಾಗ ಓಪನಿಂಗ್ ಬಗ್ಗೆ ಕೊಡುವ ತೀರ್ಪಿನಲ್ಲಿ ಓಪನಿಂಗ್‌ಗಿಂತ ಗಾಯದ ವಿಷಯವೇ ಹೆಚ್ಚಿರುತ್ತದೆ. ಫಿಶರ್‌ನಂಥವನಿಗೇ ಹಾಗಾದರೆ ನಮ್ಮ ಪಾಡೇನು? ಬ್ಯಾಂಕ್ ಕೆಲಸದಿಂದ ನಿವೃತ್ತರಾದ ನನ್ನ ಗೆಳೆಯರೊಬ್ಬರಿದ್ದಾರೆ. ಸಂಜೆ ವಾಕಿಂಗ್ ಮುಗಿಸಿ ಪಾರ್ಕಿನ ಬೆಂಚಿನ ಮೇಲೆ ಮೊಬೈಲ್ ತೆಗೆದು ಹಿಂದಿನ ರಾತ್ರಿಯ ಸೋಲನ್ನು ತೋರಿಸುತ್ತಾರೆ. ಈಚೆಗೆ ಒಂದು ಸಂಜೆ ಅವರು, ‘ಈ ಕಾರೋ-ಕಾನ್ ಬಿಟ್ಬಿಡ್ತೀನಿ ಕಣ್ರೀ, ನನಗೆ ಆಗಿಬರಲ್ಲ’ ಅಂದರು. ಆಟವನ್ನು ಬೆರಳಿನಿಂದ ಜಾರಿಸುತ್ತಾ ಹೋದೆವು. ಹತ್ತನೆಯ ನಡೆಯಲ್ಲಿ ಎರಡೂ ಕಡೆ ಸಮ. ಇಪ್ಪತ್ತರಲ್ಲೂ ಸಮ. ಮೂವತ್ತರ ಹತ್ತಿರ ಅವರ ಆನೆ ಕಾವಲಿಲ್ಲದ ಮನೆಯಲ್ಲಿ ನಿಂತಿತ್ತು, ಎದುರಾಳಿಯ ಕುದುರೆ ಒಂದೇ ನೆಗೆತಕ್ಕೆ ರಾಜನಿಗೆ ಚೆಕ್ ಕೊಟ್ಟು ಆನೆಯನ್ನೂ ಹಿಡಿಯಿತು. ‘ಅದು ಬಿಡಿ, ಟೈಮ್ ಇರ್ಲಿಲ್ಲ’ ಅಂದರು ಗೆಳೆಯರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಾರೋ-ಕಾನ್ ಪಾಪ ಏನು ಮಾಡೀತು! ಅದು ತನ್ನ ಕೆಲಸವನ್ನು ಹತ್ತನೆಯ ನಡೆಗೇ ಮುಗಿಸಿ, ಸಮ ಪೊಸಿಷನ್ ಕೈಗಿತ್ತು ಹೋಗಿತ್ತು. ಈಗ ಅವರು ಫ್ರೆಂಚ್ ಡಿಫೆನ್ಸ್ ಕಲಿಯುತ್ತಿದ್ದಾರೆ. ಆ ಕುದುರೆ ಅಲ್ಲಿಗೂ ಬರುತ್ತದೆ ಎಂದು ಹೇಳುವಷ್ಟು ಸಲಿಗೆ ನನಗಿದೆ, ಹೇಳಿದೆ ಕೂಡ. ನಕ್ಕು ಸುಮ್ಮನಾದರು.

ಇನ್ನೊಂದು ಪಂಗಡದವರಿಗೆ ಎದುರಾಳಿ ದಡ್ಡನಾಗಿರುವುದು ಬೇಕಿಲ್ಲ, ವಿಧೇಯನಾಗಿದ್ದರೆ ಸಾಕು. ‘ಐದನೇ ಮೂವ್‌ಗೇ ಥಿಯರಿ ಬಿಟ್ಟ’ ಎಂದು ಮೆಟ್ಟಿಲ ಮೇಲೆ ದೂರುತ್ತಿದ್ದವನು ಈ ಪೈಕಿ. ಸಿಸಿಲಿಯನ್ ನೈಡಾರ್ಫ್ ಇವರ ಕನಸು. ಫಿಶರ್ ಆಡಿದ್ದು, ಕ್ಯಾಸ್ಪರೋವ್ ಆಡಿದ್ದು ಎಂಬ ಹೆಮ್ಮೆ ಅದಕ್ಕಿದೆ. ಅದರ ಗುರುತು ಐದನೆಯ ನಡೆಯಲ್ಲಿ ಕಪ್ಪಿನವನು ಮೂಲೆಯ ಕಾಲಾಳನ್ನು ಎ6ಕ್ಕೆ ಒಂದೇ ಮನೆ ಸರಿಸುವುದು. ಬಿಳಿಯ ಕುದುರೆ, ಒಂಟೆಗಳು ಬಿ5ಕ್ಕೆ ಬಂದು ಕೂರದಂತೆ ತಡೆದು, ಮುಂದೆ ತನ್ನ ಕಾಲಾಳುಗಳನ್ನು ಬಿ5ಕ್ಕೂ ಇ5ಕ್ಕೂ ತರುವ ಸಿದ್ಧತೆ ಆ ಪುಟ್ಟ ನಡೆಯಲ್ಲಿದೆ. ಅದನ್ನು ಕಲಿಯಹೊರಟವನು ಹದಿನೆಂಟನೆಯ ನಡೆಯವರೆಗೆ ಬಾಯಿಪಾಠ ಮಾಡಿರುತ್ತಾನೆ. ಕ್ಲಬ್ಬಿನ ಎದುರಾಳಿಯೋ ಮೂರನೆಯ ನಡೆಯಲ್ಲೇ ಒಂಟೆಯನ್ನು ಸಿ4ಕ್ಕೆ ತಂದಿಟ್ಟು ಟೀ ಕುಡಿಯುತ್ತಾ ಕೂರುತ್ತಾನೆ. ಪುಸ್ತಕದ ಪ್ರಕಾರ ಅದು ಅಷ್ಟೇನೂ ಒಳ್ಳೆಯ ನಡೆಯಲ್ಲ, ಆದರೆ ಯಾಕೆ ಒಳ್ಳೆಯದಲ್ಲ ಎಂದು ಬಾಯಿಪಾಠದವನಿಗೆ ಗೊತ್ತಿಲ್ಲ. ಅವನು ಕಲಿತದ್ದು ಉತ್ತರಗಳನ್ನು, ಎದುರಿನವನು ಬೇರೆ ಪ್ರಶ್ನೆ ಕೇಳಿದ. ಕೇಳಿದ್ದಕ್ಕೆ ಇವನಿಗೆ ಸಿಟ್ಟು!

ಲಂಡನ್ ಸಿಸ್ಟಮ್ ಆಡುವವರಲ್ಲಿ ಕೆಲವರಿಗಂತೂ ಎದುರಾಳಿ ಇರುವುದೇ ಬೇಕಿಲ್ಲ. ಡಿ4, ಒಂಟೆ ಎಫ್4, ಇ3, ಸಿ3, ಕುದುರೆ ಎಫ್3. ಆಚೆಯವನು ಏನೇ ಆಡಲಿ, ಇವನದು ಇದೇ ಕಟ್ಟಡ. 1922ರ ಲಂಡನ್ ಟೂರ್ನಮೆಂಟ್‌ನಿಂದ ಹೆಸರು ಪಡೆದ ಈ ವ್ಯೂಹ ಕಡಿಮೆ ಓದಿನಲ್ಲಿ ಕ್ಷೇಮವಾಗಿ ಆಟ ಶುರು ಮಾಡಿಕೊಡುತ್ತದೆ, ಸಮಯವಿಲ್ಲದವರಿಗೆ ಅದೊಂದು ಉಪಕಾರವೇ. ‘ಬೋರು’ ಎಂದು ಅದನ್ನು ಹೀಯಾಳಿಸುವವರ ಜೊತೆ ನಾನು ಸೇರುವುದಿಲ್ಲ. 2023ರ ವಿಶ್ವ ಚಾಂಪಿಯನ್‌ಷಿಪ್‌ನ ಆರನೆಯ ಆಟದಲ್ಲಿ ಡಿಂಗ್ ಲಿರೆನ್ ಇದೇ ಲಂಡನ್ ಆಡಿ ನೆಪೊಮ್ನಿಯಾಚಿಯನ್ನು ಚೆಂದವಾಗಿ ಸೋಲಿಸಿದರು. ಆದರೆ ಡಿಂಗ್ ಪ್ರತಿ ನಡೆಗೂ ತಲೆಯೆತ್ತಿ ಎದುರಿಗೆ ಏನು ನಡೆದಿದೆ ಎಂದು ನೋಡುತ್ತಿದ್ದರು. ನಮ್ಮವರು ಎಂಟು ನಡೆಯನ್ನು ಮೂರು ಸೆಕೆಂಡಿನಲ್ಲಿ ಆಡಿ, ಒಂಬತ್ತನೆಯದಕ್ಕೆ ಮೊದಲ ಬಾರಿ ಎದುರಿನ ಕಾಯಿಗಳನ್ನು ಗಮನಿಸುತ್ತಾರೆ. ಅಂದಹಾಗೆ, ಮೇಲೆ ಹೇಳಿದ ಎಂಗ್ಲುಂಡ್ ಬಲೆಗೆ ಇವರು ಸುಲಭವಾಗಿ ಬೀಳುತ್ತಾರೆ. ಒಂಟೆಯನ್ನು ಎಫ್4ಕ್ಕೆ ಇಡುವುದು ಅಭ್ಯಾಸವಾಗಿ, ಮುಂದೆ ಯೋಚಿಸುವುದು ಬಿಟ್ಟುಹೋಗಿರುತ್ತದೆ.

ಎದುರಿಗಿರುವವನನ್ನು ನಿಜಕ್ಕೂ ನೋಡಿ ಓಪನಿಂಗ್ ಆರಿಸಿದ ಪ್ರಸಂಗ ಬೇಕೆಂದರೆ 2000ದಲ್ಲಿ ಲಂಡನ್ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಕ್ಕೆ ಹೋಗಬೇಕು. 1985ರಿಂದ ಚಾಂಪಿಯನ್ ಆಗಿದ್ದ ಕ್ಯಾಸ್ಪರೋವ್‌ಗೆ ಎದುರಾಗಿ ವ್ಲಾಡಿಮಿರ್ ಕ್ರಾಮ್ನಿಕ್. ಕ್ಯಾಸ್ಪರೋವ್ ಇ4 ಆಡಿ ಸ್ಪ್ಯಾನಿಷ್‌ಗೆ ಹೋದಾಗ ಕ್ರಾಮ್ನಿಕ್ ತೆಗೆದದ್ದು ಧೂಳು ಹಿಡಿದು ಮೂಲೆ ಸೇರಿದ್ದ ಬರ್ಲಿನ್ ಡಿಫೆನ್ಸ್. ಅದರ ಮುಖ್ಯ ದಾರಿಯಲ್ಲಿ ಎಂಟನೆಯ ನಡೆಗೇ ಎರಡು ಮಂತ್ರಿಗಳೂ ಬೋರ್ಡಿನಿಂದ ಇಳಿದುಹೋಗುತ್ತವೆ. ಕಪ್ಪಿನ ರಾಜ ಕ್ಯಾಸಲಿಂಗ್ ಹಕ್ಕು ಕಳೆದುಕೊಂಡು ನಡುಬೀದಿಯಲ್ಲಿ ನಿಲ್ಲುತ್ತಾನೆ. ಅವನ ಕಾಲಾಳುಗಳು ಒಂದರ ಹಿಂದೊಂದು ಜೋಡಿಯಾಗಿ ಕುಂಟುತ್ತವೆ. ನೋಡಿದರೆ ಯಾರಾದರೂ ಬೇಡ ಎನ್ನುವ ಪೊಸಿಷನ್. ಆದರೆ ಮಂತ್ರಿ ಇಲ್ಲದ ಆ ಬಯಲಿನಲ್ಲಿ ದಾಳಿಗೆ ಏನೂ ಸಿಗುವುದಿಲ್ಲ, ದಾಳಿಯೇ ಕ್ಯಾಸ್ಪರೋವ್‌ರ ಉಸಿರು. ತನಗೆ ಯಾವ ಕಷ್ಟ ಸಹ್ಯ, ಅವರಿಗೆ ಯಾವ ಕಷ್ಟ ಅಸಹ್ಯ ಎಂದು ತೂಗಿ ನೋಡಿದ ಆಯ್ಕೆ ಅದು. 15 ಆಟಗಳಲ್ಲಿ ಕ್ಯಾಸ್ಪರೋವ್ ಒಂದನ್ನೂ ಗೆಲ್ಲಲಿಲ್ಲ. ಪಟ್ಟ ಹೋಯಿತು.

ಅದನ್ನು ನೋಡಿ ನಮ್ಮಂಥ ಹವ್ಯಾಸಿಗಳೂ ಬರ್ಲಿನ್ ಕಲಿಯಹೊರಡುವುದು ಬೇರೆ ತಮಾಷೆ. ಎದುರಿಗೆ ಕ್ಯಾಸ್ಪರೋವ್ ಇಲ್ಲದಿರುವಾಗ ಆ ಕುಂಟು ಕಾಲಾಳುಗಳ ಭಾರವನ್ನು ಹೊರುವುದಾದರೂ ಯಾಕೆ?

ಮಿರ್ ಸುಲ್ತಾನ್ ಖಾನ್ ಕಥೆ ನನಗೆ ಇನ್ನೂ ಹತ್ತಿರದ್ದು. ಪಂಜಾಬಿನ ಈ ಮನುಷ್ಯ ಹುಡುಗನಾಗಿದ್ದಾಗ ಕಲಿತದ್ದು ನಮ್ಮ ನೆಲದ ಚದುರಂಗ. ನಮ್ಮ ಹಳ್ಳಿಗಳ ಹಿರಿಯರಿಗೂ ಗೊತ್ತಿದ್ದ ಆ ಆಟದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ, ರಾಜನಿಗೆ ಯುರೋಪಿನ ಕ್ಯಾಸಲಿಂಗ್ ಇಲ್ಲ. ತಮ್ಮ ಆಶ್ರಯದಾತ ಸರ್ ಉಮರ್ ಹಯಾತ್ ಖಾನ್ ಜೊತೆ 1929ರಲ್ಲಿ ಇಂಗ್ಲೆಂಡಿಗೆ ಹೋದಾಗ ಯುರೋಪಿನ ಓಪನಿಂಗ್ ಪುಸ್ತಕಗಳ ಪರಿಚಯ ಅವರಿಗೆ ಅಷ್ಟಕ್ಕಷ್ಟೇ. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು, 1932ರಲ್ಲಿ ಮತ್ತೆ, 1933ರಲ್ಲಿ ಮತ್ತೆ. ಹೇಸ್ಟಿಂಗ್ಸ್‌ನ 1930–31ರ ಕೂಟದಲ್ಲಿ ಮಾಜಿ ವಿಶ್ವ ಚಾಂಪಿಯನ್ ಕ್ಯಾಪಬ್ಲಾಂಕಾರನ್ನೂ ಸೋಲಿಸಿದರು. ಎಷ್ಟೋ ಆಟಗಳಲ್ಲಿ ಓಪನಿಂಗ್‌ನಿಂದ ಹೊರಬರುವಾಗ ಅವರ ಸ್ಥಿತಿ ಎದುರಾಳಿಗಿಂತ ಕೆಟ್ಟದಾಗಿರುತ್ತಿತ್ತು. ಅಲ್ಲಿಂದ ಅವರ ಆಟ ಶುರು. 2024ರಲ್ಲಿ, ಅವರು ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ, ವಿಶ್ವ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿತು. ಓಪನಿಂಗ್ ಓದದಿರುವುದೇ ಒಳ್ಳೆಯದು ಎಂಬುದಕ್ಕೆ ಇದನ್ನು ಸಾಕ್ಷಿ ಮಾಡಿಕೊಳ್ಳಬಾರದು. ಸುಲ್ತಾನ್ ಖಾನ್‌ಗಿದ್ದ ಪ್ರತಿಭೆ ನಮಗಿಲ್ಲ. ಕೆಟ್ಟ ಪೊಸಿಷನ್ ಬಂತೆಂದು ಅವರು ಬೋರ್ಡಿನ ಮೇಲೆ ಮುನಿಸಿಕೊಳ್ಳಲಿಲ್ಲ ಎಂಬುದಷ್ಟನ್ನು ತೆಗೆದುಕೊಂಡರೆ ಸಾಕು.

ಹಾಗಾದರೆ ಆರಿಸುವುದು ಏನನ್ನು? ನನ್ನನ್ನು ಕೇಳುವವರಿಗೆ ನಾನು ಹೇಳುವುದು ಹಳೆಯ ಕಾಲದ ಉತ್ತರ. ಬಿಳಿಯಲ್ಲಿ ಇ4 ಆಡಿ, ಇಟಾಲಿಯನ್‌ಗೆ ಹೋಗಿ. ಕಪ್ಪಿನಲ್ಲಿ ಇ4ಕ್ಕೆ ಇ5, ಡಿ4ಕ್ಕೆ ಡಿ5. ಇಟಾಲಿಯನ್‌ನಲ್ಲಿ ಕುದುರೆ, ಒಂಟೆ ಹೊರಗೆ ಬರುತ್ತವೆ, ರಾಜ ಬೇಗ ಕ್ಷೇಮವಾಗುತ್ತಾನೆ, ಆಮೇಲೆ ಸಿ3, ಡಿ4 ಎಂದು ನಡುಮನೆಗೆ ಕೈಹಾಕಬಹುದು. ಇಟಲಿಯ ಪೊಲೆರಿಯೊ, ಗ್ರೆಕೊ ಇದನ್ನು ಬಿಡಿಸಿ ನೋಡಿ 400 ವರ್ಷವಾಯಿತು, ಇವತ್ತಿನ ಗ್ರ್ಯಾಂಡ್‌ಮಾಸ್ಟರ್‌ಗಳೂ ಆಡುತ್ತಾರೆ. ಇದರಲ್ಲೂ ಬಲೆಗಳಿವೆ. ಕುದುರೆ ಜಿ5ಕ್ಕೆ ಹಾರಿ ಎಫ್7ರ ಮೇಲೆ ಕಣ್ಣು ಹಾಕುವ ನಡೆಯನ್ನು ಜರ್ಮನಿಯ ತರ್ರಾಶ್ ಕೈಲಾಗದವರ ನಡೆ ಎಂದು ಬೈದಿದ್ದರು, ಆದರೂ ಅದು ಸತ್ತಿಲ್ಲ. ಎದುರಾಳಿ ಎಲ್ಲವನ್ನೂ ಸರಿಯಾಗಿ ಆಡಿದರೂ ಇಟಾಲಿಯನ್ ನಿಮ್ಮ ಕೈಬಿಡುವುದಿಲ್ಲ. ಸೋತರೆ ಯಾಕೆ ಸೋತೆ ಎಂದು ಹೇಳಲು ಬರುತ್ತದೆ, ಕಲಿಯುವವನಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಆರಿಸಿದ ಮೇಲೆ ಅದರಲ್ಲೇ ಇರಿ. ಎಷ್ಟು ಕಾಲ? ಮೊದಲ ಎಂಟು ನಡೆಗಳಲ್ಲಿ ಪ್ರತಿಯೊಂದನ್ನೂ ಯಾಕೆ ಆಡಿದೆ ಎಂದು ಮನೆಯ ಮಗುವಿಗೆ ಬಾಯಿಬಿಟ್ಟು ವಿವರಿಸಲು ಬರುವವರೆಗೆ. ಫಿಶರ್ ವರ್ಷಗಟ್ಟಲೆ, ಅಪರೂಪಕ್ಕೆ ಬಿಟ್ಟರೆ, ಬಿಳಿಯಲ್ಲಿ ಇ4 ಒಂದನ್ನೇ ಆಡಿದರು. ಜಗತ್ತಿಗೆಲ್ಲ ಅದು ಗೊತ್ತಿತ್ತು, ಎದುರಾಳಿಗಳು ಅದಕ್ಕೇ ತಯಾರಾಗಿ ಬರುತ್ತಿದ್ದರು, ಆದರೂ ಸೋಲುತ್ತಿದ್ದರು. 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಆರನೆಯ ಆಟದಲ್ಲಿ ಅವರು ಥಟ್ಟನೆ ಸಿ4 ಆಡಿ ಕ್ವೀನ್ಸ್ ಗ್ಯಾಂಬಿಟ್‌ಗೆ ಹೋದರು. ಸೋಲಿನ ಸಿಟ್ಟಿಗೆ ಮಾಡಿದ ಬದಲಾವಣೆಯಲ್ಲ ಅದು. ಒಂದನ್ನು ತಳಮಟ್ಟ ಅರಿತವನಿಗೆ ಇನ್ನೊಂದೂ ಒಲಿಯುತ್ತದೆ. ಆ ಆಟ ಮುಗಿದಾಗ ಪ್ರೇಕ್ಷಕರ ಜೊತೆ ಚಪ್ಪಾಳೆ ತಟ್ಟಿದವರಲ್ಲಿ ಸೋತ ಸ್ಪಾಸ್ಕಿಯೂ ಒಬ್ಬರು.

ನಿಮ್ಮಲ್ಲಿ ಆಡುವವರಿದ್ದರೆ ಒಂದು ವಿನಂತಿ. ಮುಂದಿನ ಟೂರ್ನಮೆಂಟ್‌ನಲ್ಲಿ ಸೋತ ಕೂಡಲೇ ಮೊಬೈಲ್ ತೆಗೆದು ಎಂಜಿನ್ ಹಾಕಬೇಡಿ. ಕೈಕುಲುಕಿ, ‘ಹೊರಗೆ ಐದು ನಿಮಿಷ ಕೂರೋಣವೇ’ ಎಂದು ಎದುರಾಳಿಯನ್ನು ಕೇಳಿ. ಹಿಂದೆ ಇದು ಎಲ್ಲ ಕ್ಲಬ್ಬುಗಳ ರೂಢಿಯಾಗಿತ್ತು. ನೀವು ಎಲ್ಲಿ ಹೆದರಿದಿರಿ, ಅವನು ಎಲ್ಲಿ ಹೆದರಿದ, ಯಾವ ನಡೆಯನ್ನು ಇಬ್ಬರೂ ನೋಡಲೇ ಇಲ್ಲ ಎಂದು ಮಾತಾಡಿ. ಬಹುಪಾಲು ಎದುರಾಳಿಗಳು ಸಂತೋಷದಿಂದ ಒಪ್ಪುತ್ತಾರೆ.